ಬಿಸಿಲು ನಮಗೇನು ಹೊಸದಾ? ಗಲ್ಫ್‌ನಲ್ಲಿ ಮೊದಲ 14 ದಿನದ ಲೆಕ್ಕ

ಇವತ್ತಿನ ಸಂಚಿಕೆ ಗಲ್ಫ್‌ಗೆ ಮೊದಲ ಸಲ ಕೆಲಸಕ್ಕೆ ಹೊರಟಿರೋರಿಗೆ, ಅವರನ್ನ ಕಳಿಸಿಕೊಡ್ತಿರೋ ಮನೆಯವರಿಗೆ.

ನನ್ನ ಚಿಕ್ಕಪ್ಪನ ಮಗನಿಗೆ ದುಬೈನಲ್ಲಿ ಕಟ್ಟಡದ ಕೆಲಸ ಸಿಕ್ಕಿದೆ. ಜೂನ್‌ನಲ್ಲಿ ಸೇರಬೇಕು. ಮೊನ್ನೆ ಅಂತರಘಟ್ಟೆಯಲ್ಲಿ ಸಿಕ್ಕಾಗ, "ಬಿಸಿಲು ಹುಷಾರು ಕಣೋ" ಅಂದೆ. ಅವನು ನಕ್ಕುಬಿಟ್ಟ. "ಅಣ್ಣ, ಈರುಳ್ಳಿ ಹೊಲದಲ್ಲಿ ಬೆಳೆದೋನು ನಾನು. ಬಿಸಿಲು ನಮಗೇನು ಹೊಸದಾ?" ಅಂದ.

ಈ ಮಾತೇ ನನಗೆ ಭಯ ಹುಟ್ಟಿಸಿದ್ದು. ನಾನು ಓದಿರೋದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಈ ವಿಷಯದಲ್ಲಿ ಓದಿ ತಿಳಿದುಕೊಂಡಿದ್ದನ್ನ ಲೆಕ್ಕದ ಹಾಗೆ ಒಂದೊಂದಾಗಿ ಹೇಳ್ತೀನಿ.

ಮೊದಲು, ಅಲ್ಲಿನ ಬಿಸಿಲು ಬೇರೆ ಯಾಕೆ? ಅಜ್ಜಂಪುರದ ಕಡೆ ಬೇಸಿಗೆ ಒಣ ಬಿಸಿಲು. ಬೆವರು ಬಂದ ತಕ್ಷಣ ಆರುತ್ತೆ. ಬೆವರು ಆರುವಾಗಲೇ ಮೈ ತಣ್ಣಗಾಗೋದು. ರಾತ್ರಿ ಅಂಗಳದಲ್ಲಿ ಗಾಳಿಗೆ ಮಲಗಿದ್ರೆ ದಣಿವು ಇಳಿಯುತ್ತೆ. ದುಬೈ ಇರೋದು ಸಮುದ್ರದ ದಡದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಹಗಲು 40 ಡಿಗ್ರಿ ದಾಟುತ್ತೆ, ರಾತ್ರಿಯೂ 30ರ ಆಸುಪಾಸು. ಗಾಳಿಯಲ್ಲಿ ತೇವ ತುಂಬಿರುತ್ತೆ. ಬೆವರು ಸುರಿಯುತ್ತೆ, ಆದ್ರೆ ಆರೋದಿಲ್ಲ. ಮೈಯೊಳಗಿನ ಕಾವು ಹೊರಗೆ ಹೋಗೋಕೆ ದಾರಿನೇ ಸಿಗಲ್ಲ. ಕುವೈತ್‌ನ ಒಳನಾಡಿನದು ಇನ್ನೊಂದು ಕಥೆ. ಅಲ್ಲಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ.

ಇನ್ನು ಮುಖ್ಯ ವಿಷಯ. ದೇಹ ಇಂಥ ಸೆಕೆಗೆ ಹೊಂದಿಕೊಳ್ಳುತ್ತೆ, ಆದ್ರೆ 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಿನಲ್ಲಿ ಹೋಗೋ ಉಪ್ಪು ಕಡಿಮೆಯಾಗುತ್ತೆ, ಎದೆಬಡಿತ ಇಳಿಯುತ್ತೆ. ಧೈರ್ಯ ಜಾಸ್ತಿ ಇದೆ ಅಂತ ಇದು ಬೇಗ ಆಗಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಹೇಳೋ ಪ್ರಕಾರ, ಬಿಸಿಲಿನಲ್ಲಿ ದುಡಿಯುವಾಗ ಆಗೋ ಸಾವುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಆಗೋದು ಕೆಲಸದ ಮೊದಲ ಕೆಲವೇ ದಿನಗಳಲ್ಲಿ. ಗಟ್ಟಿಮುಟ್ಟಾದ ಹುಡುಗರೇ ಬೀಳ್ತಾರೆ, ಯಾಕಂದ್ರೆ ಮೊದಲ ದಿನವೇ ಹೆಸರು ತಗೋಬೇಕು ಅಂತ ಹೊರಡೋರು ಅವರೇ.

ಹಾಗಾದ್ರೆ ಮಾಡೋದೇನು? ಅಲ್ಲಿ ಹೇಳಿಕೊಡೋದು ಶೇ. 20ರ ಲೆಕ್ಕ. ಹೊಸಬರು ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ ಶೇ. 20ರಷ್ಟು ಮಾತ್ರ ಮಾಡಬೇಕು. 8 ಗಂಟೆ ಪಾಳಿ ಅಂದ್ರೆ ಸುಮಾರು ಒಂದೂವರೆ ಗಂಟೆ. ಆಮೇಲೆ ದಿನಕ್ಕೆ ಶೇ. 20ರಂತೆ ಏರಿಸ್ತಾ ಹೋಗಬೇಕು. ಉಳಿದ ಹೊತ್ತು ನೆರಳಿನ ಕೆಲಸ. ಇನ್ನೊಂದು ಮಾತು, ರಜೆಗೆ ಊರಿಗೆ ಬಂದು ಕೆಲವು ವಾರ ಇದ್ದು ಹೋದ್ರೆ ಈ ಹೊಂದಾಣಿಕೆ ಕಳೆದುಹೋಗುತ್ತೆ. ಹತ್ತು ವರ್ಷದ ಹಳಬರೂ ಮತ್ತೆ ಅರ್ಧ ಕೆಲಸದಿಂದಲೇ ಶುರು ಮಾಡಬೇಕು. "ರಾತ್ರಿ ಎ.ಸಿ.ಯಲ್ಲಿ ಮಲಗಿದ್ರೆ ಬಿಸಿಲು ತಡೆಯೋ ಶಕ್ತಿ ಹೋಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ತಂಪಾದ ನಿದ್ದೆ ಬೇಕೇ ಬೇಕು.

ನೀರು. ಬಾಯಾರೋವರೆಗೂ ಕಾಯಬೇಡಿ, 15–20 ನಿಮಿಷಕ್ಕೊಂದು ಲೋಟ. ಹಾಗಂತ ಗಂಟೆಗೆ ಒಂದೂವರೆ ಲೀಟರ್ ದಾಟಿಸಬೇಡಿ, ರಕ್ತದ ಉಪ್ಪಿನಂಶ ಕುಸಿಯುತ್ತೆ. ಅಂತರಘಟ್ಟಮ್ಮನ ಜಾತ್ರೆಗೆ ಪಾನಕದ ಗಾಡಿ ಬರೋದನ್ನ ನೋಡಿ ಬೆಳೆದ ನಮಗೆ ದಣಿವಿಗೆ ಪಾನಕ ಗೊತ್ತು. ಆದ್ರೆ ತುಂಬಾ ಬೆವರಿದಾಗ ಸಿಹಿ ಒಂದೇ ಸಾಲದು, ಉಪ್ಪೂ ಬೇಕು. ಓ.ಆರ್.ಎಸ್. ಪೊಟ್ಟಣ ಇಲ್ಲದಿದ್ರೆ 1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲಾ ಟೀ ಚಮಚದಲ್ಲಿ, ತಲೆ ಸವರಿ. ಅಲ್ಲಿನ ಅಂಗಡಿಗಳಲ್ಲಿ 'ಲಬನ್' ಅಂತ ಸಿಗುತ್ತೆ, ನಮ್ಮ ಮಜ್ಜಿಗೆಯ ಅಣ್ಣ. ಅದಕ್ಕೆ ಉಪ್ಪು ಹಾಕಿ ಕುಡಿಯಿರಿ. ಮೂತ್ರ ಕಡು ಹಳದಿಯಾದ್ರೆ ನೀರು ಸಾಲ್ತಿಲ್ಲ ಅಂತ ಅರ್ಥ. ಗಲ್ಫ್‌ನಲ್ಲಿ ದುಡಿದು ಕಿಡ್ನಿ ಕಳೆದುಕೊಂಡು ವಾಪಸ್ ಬಂದ ನೇಪಾಳದ ಹುಡುಗರ ಬಗ್ಗೆ ಸಾಕಷ್ಟು ವರದಿಗಳಿವೆ.

ಸಣ್ಣದೊಂದು ಉಪಾಯ. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಸುಡ್ತಿರುತ್ತೆ. ರೂಮಿನೊಳಗೆ ಗೀಸರ್ ಇದ್ರೆ ಸ್ವಿಚ್ ಆಫ್ ಮಾಡಿಡಿ. ಅದರಲ್ಲಿ ನಿಂತ ನೀರು ತಣ್ಣಗಾಗಿರುತ್ತೆ, ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿ!

ಕಾನೂನೂ ಗೊತ್ತಿರಲಿ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಮಾಡಿಸಿದ್ರೆ ತಲಾ ಕಾರ್ಮಿಕನಿಗೆ 5,000 ದಿರ್ಹಂ ದಂಡ. ಸೌದಿಯಲ್ಲಿ ಅದೇ ಮೂರು ತಿಂಗಳು, 12ರಿಂದ 3. ಕತಾರ್‌ನಲ್ಲಿ 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15, ಬೆಳಗ್ಗೆ 10ರಿಂದ 3.30. ಆದ್ರೆ ಬೆಳಗ್ಗೆ 11ಕ್ಕೂ ಜನ ಬೀಳ್ತಾರೆ. ಗಡಿಯಾರ ನಂಬಬೇಡಿ, ಮೈ ಮಾತು ಕೇಳಿ.

ಜೊತೆಯವನು ತೊದಲಿದ್ರೆ, ತೂರಾಡಿದ್ರೆ, ಅಸಂಬದ್ಧ ಮಾತಾಡಿದ್ರೆ ಅದು ಶಾಖಾಘಾತ ಅಂತಲೇ ತಿಳ್ಕೊಳ್ಳಿ. ಬೆವರು ಬರ್ತಿದೆ ಅಂತ ಸುಮ್ಮನಿರಬೇಡಿ. ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ, ಕುತ್ತಿಗೆ, ಕಂಕುಳಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್‌ಗೆ ಯು.ಎ.ಇ.ಯಲ್ಲಿ 998, ಸೌದಿಯಲ್ಲಿ 997, ಕತಾರ್‌ನಲ್ಲಿ 999.

ಕೊನೆಗೆ ದುಡ್ಡಿನ ಮಾತು. ತಲೆ ಸುತ್ತಿದ್ರೂ ಕೂರೋಕೆ ಬಿಡದೆ ಇರೋದು ಊರಲ್ಲಿ ಮಾಡಿಟ್ಟ ಸಾಲ. ನೋಂದಾಯಿತ ಏಜೆಂಟರು ತಗೋಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿ.ಎಸ್‌.ಟಿ. ಲಕ್ಷಗಟ್ಟಲೆ ಕೇಳಿದ್ರೆ ಅಲ್ಲೇ ನಿಲ್ಲಿಸಿ. ಇ.ಸಿ.ಆರ್. ಪಾಸ್‌ಪೋರ್ಟ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2 ವರ್ಷಕ್ಕೆ 275 ರೂಪಾಯಿ ಕಂತು, 10 ಲಕ್ಷದ ವಿಮೆ. ಪಾಲಿಸಿಯ ಒಂದು ಪ್ರತಿ ಮನೆಯಲ್ಲೂ ಇರಲಿ.

ಮನೆಯವರೇ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9 ಅಂದ್ರೆ ಅಲ್ಲಿ 7.30. ಆ ಹೊತ್ತಿಗೆ ಫೋನ್ ಮಾಡಿ. ಮೊದಲ ಎರಡು ವಾರ "ದುಡ್ಡು ಯಾವಾಗ ಕಳಿಸ್ತೀಯಾ" ಅಂತ ಕೇಳಬೇಡಿ. "ಇವತ್ತು ಎಷ್ಟು ನೀರು ಕುಡಿದೆ, ಎಷ್ಟು ಹೊತ್ತು ಮಲಗಿದೆ" ಅಂತ ಕೇಳಿ. ನಮ್ಮ ಚಿಕ್ಕಮ್ಮನಿಗೂ ಇದನ್ನೇ ಹೇಳಿದ್ದೀನಿ. ಅವರು ಕ್ಯಾಲೆಂಡರ್‌ನಲ್ಲಿ ಆ 14 ದಿನಕ್ಕೆ ಗೆರೆ ಎಳೆದು ಇಟ್ಕೊಂಡಿದ್ದಾರೆ.

ನಿಮ್ಮ ಮನೆಯಿಂದ ಹೊರಟಿರೋರಿಗೆ ಇದನ್ನ ಕೇಳಿಸಿ.