ಸಲಹೆಗೆ ಮೊದಲು ಸಹನೆ

ಸೂಲಿಬೆಲೆ ಹೋಬಳಿಯಂತಹ ಸೀಮೆಯಲ್ಲಿ ಕೊಳವೆಬಾವಿ ಬತ್ತಿದರೆ, ಅಥವಾ ಗೂಡು ಕಟ್ಟುವ ಹೊತ್ತಿಗೆ ರೇಷ್ಮೆಹುಳುವಿಗೆ ರೋಗ ತಗುಲಿದರೆ, ರೈತನ ನಷ್ಟವನ್ನು ರೂಪಾಯಿಗಳಲ್ಲಿ ಎಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ನಷ್ಟವು ಅವನಲ್ಲಿ ಹುಟ್ಟಿಸುವ ಭಯ, ಲಜ್ಜೆ, ನಿರಾಶೆಗಳನ್ನು ಕೇಳುವವರು ಯಾರು?

ಮನಸ್ಸಿನ ನೋವನ್ನು ತೋಡಿಕೊಂಡವನಿಗೆ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವುದು ‘ಗಂಡಸಾಗಿ ಅಳುವುದೇನು?’ ಎಂಬ ಗದರಿಕೆ. ಇಲ್ಲವೆ ಉಪದೇಶದ ಸುರಿಮಳೆ. ಎರಡರ ಫಲವೂ ಒಂದೇ: ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ಅಷ್ಟರಿಂದ ದುಃಖವು ಶಮನವಾಯಿತೆಂದು ತಿಳಿಯುವುದು, ಬೂದಿ ಮುಚ್ಚಿದ ಕೆಂಡವನ್ನು ಆರಿತೆಂದು ನಂಬಿದಂತೆ.

ಈ ವಿಷಯದಲ್ಲಿ ಕನ್ನಡನಾಡು ಹಿಂದುಳಿದುದೆಂದು ಯಾರೂ ಹೇಳಲಾರರು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯವರು ಸಕಲವಾರದಲ್ಲಿಯೂ, ತರುವಾಯ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಗ್ರಾಮಗಳ ಮಾನಸಿಕ ಚಿಕಿತ್ಸೆಯ ಪ್ರಯೋಗ ನಡೆಸಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದರೆ ಇದರಲ್ಲಿ ನೆರವಾಗಬಲ್ಲರೆಂಬುದು ಅದರಿಂದ ಸಿದ್ಧವಾಯಿತು. ಆ ಮಾದರಿಯನ್ನೇ ಅನುಸರಿಸಿ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಬಂದಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೂ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. 14416 ಸಂಖ್ಯೆಗೆ ಕರೆಮಾಡಿದವರು ಹಗಲಿರುಳೂ ಕಾಸಿನ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು.

ಇಷ್ಟಾದರೂ ಎದುರಿಗೆ ಕುಳಿತು ಕೇಳುವವರ ಗುಣವೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮಹಾಶಯರು 1957ರ ತಮ್ಮ ಪ್ರಬಂಧದಲ್ಲಿ ಕೇಳುವವನಿಗೆ ಮೂರು ಗುಣಗಳನ್ನು ವಿಧಿಸಿದರು: ನಿಷ್ಕಪಟತೆ, ಷರತ್ತಿಲ್ಲದ ಆದರ, ಪರರ ನೋವನ್ನು ಅವರ ಕಣ್ಣಿನಿಂದ ಕಾಣುವ ಅನುಕಂಪ. ‘ಆಪ್ತಸಲಹೆ’ ಎಂಬ ನಮ್ಮ ಪದದಲ್ಲಿಯೂ ಸಲಹೆಗಿಂತ ಮೊದಲು ಆಪ್ತತೆ ಇದೆಯಷ್ಟೆ! ಅಳುವವನನ್ನು ಅಳಗೊಡಬೇಕು, ಅವನ ಮೌನವನ್ನು ಆತುರದಿಂದ ಮುರಿಯಬಾರದು. ತನ್ನ ಕಷ್ಟದ ಕಥೆಯನ್ನು ನಡುವೆ ತರಬಾರದು. ಕೇಳಿದ ಮಾತು ಚಾವಡಿಯ ಹರಟೆಯಾಗಬಾರದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಮನ್ನಿಸಿದೆ.

ಸಹನೆಗೂ ಒಂದು ಮೇರೆಯುಂಟು. ಪ್ರಾಣ ಕಳೆದುಕೊಳ್ಳುವ ಯೋಚನೆಯ ಸುಳಿವು ತೋರಿದರೆ, ಆ ವಿಷಯವನ್ನು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ. ಅಂಥವನನ್ನು ಒಂಟಿಯಾಗಿ ಬಿಡದೆ, ಆತನಿಗೆ ತಿಳಿಸಿಯೇ ವೈದ್ಯರ ನೆರವು ಪಡೆಯಬೇಕು. ಪ್ರಾಣಾಪಾಯವಿರುವಾಗ ಗುಟ್ಟಿನ ನೆಪದಿಂದ ಸುಮ್ಮನಿರುವುದು ಆಪ್ತತೆಯಲ್ಲ.

ಆದಕಾರಣ, ಹೋಬಳಿಯ ಆರೋಗ್ಯ ಕೇಂದ್ರಗಳಲ್ಲಿ ಬಾಗಿಲು ಮುಚ್ಚಿ ಮಾತಾಡಲು ಒಂದು ಕೋಣೆಯನ್ನೂ, ವಾರಕ್ಕೊಂದು ನಿಗದಿಯಾದ ವೇಳೆಯನ್ನೂ ಏರ್ಪಡಿಸಬೇಕೆಂದು ಸರಕಾರದವರನ್ನು ಒತ್ತಾಯಿಸುತ್ತೇವೆ. ಆಶಾ ಕಾರ್ಯಕರ್ತೆಯರಿಗೂ ಉಪಾಧ್ಯಾಯರಿಗೂ ಕಂದಾಯದ ನೌಕರರಿಗೂ ಆಲಿಸುವ ಶಿಕ್ಷಣ ದೊರೆಯಲಿ. ಅರ್ಜಿಯನ್ನು ಓದುವ ಅಧಿಕಾರಿಯು ಅರ್ಜಿದಾರನ ಮುಖವನ್ನೂ ಓದಲು ಕಲಿಯಲಿ. ಪ್ರಜೆಯು ತನ್ನ ದುಃಖವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲಾರದ ನಾಡಿನಲ್ಲಿ ಸ್ವರಾಜ್ಯವು ಇನ್ನೂ ಅವನ ಮನೆಯ ಹೊಸ್ತಿಲನ್ನು ದಾಟಿಲ್ಲವೆಂದೇ ತಿಳಿಯಬೇಕು.