ಮಕ್ಕಳ ಜೊತೆ ಕೆಲಸ: ಪ್ರೀತಿ ಸಾಕಾ, ಓದೂ ಬೇಕಾ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೇಳುಗರು ನನ್ನತ್ರ ಕೇಳೋದು ಇದು: ಮಕ್ಕಳಂದ್ರೆ ಇಷ್ಟ, ಅದನ್ನೇ ಉದ್ಯೋಗ ಮಾಡ್ಕೊಳ್ಬಹುದಾ? ಖಂಡಿತ. ಪಿಯುಸಿ ಆದ್ಮೇಲೆ ಬಿಎಸ್‌ಡಬ್ಲ್ಯು, ಆಮೇಲೆ ಎಂಎಸ್‌ಡಬ್ಲ್ಯು. ಕರಾವಳಿಯಲ್ಲಿ ಇದಕ್ಕೆ ಹೆಸರಾದದ್ದು ಮಂಗಳೂರಿನ ರೋಶನಿ ನಿಲಯ, 1960ರಲ್ಲಿ ಶುರುವಾದದ್ದು. ಈ ಕೋರ್ಸಲ್ಲಿ ಪಾಠದಷ್ಟೇ ಮುಖ್ಯ ಕ್ಷೇತ್ರಕಾರ್ಯ.

ಓದು ಯಾಕೆ ಬೇಕು? ಒಂದು ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿ, "ಯಾರತ್ರೂ ಹೇಳ್ಬೇಡಿ" ಅಂತು ಅಂತಿಟ್ಟುಕೊಳ್ಳಿ. "ಆಯ್ತು, ಹೇಳಲ್ಲ" ಅಂತ ಮಾತು ಕೊಡೋ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಮಗುವಿನ ನಂಬಿಕೆಯೂ ಉಳಿಯಬೇಕು. ಬರೀ ಪ್ರೀತಿಯಿಂದ ಬಾರದ ಈ ಕೌಶಲವನ್ನೇ ತರಬೇತಿ ಕಲಿಸೋದು.

ಹಾಂ, ಸಂಕಷ್ಟದಲ್ಲಿರೋ ಮಗು ಕಂಡ್ರೆ 1098ಕ್ಕೆ ಕರೆ ಮಾಡಿ. ಅದಕ್ಕೆ ಡಿಗ್ರಿ ಬೇಡ.