ಕೌದಿಯ ಬಟ್ಟೆಗಂಟು

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಗಂಟು ಇದ್ದೇ ಇರುತ್ತದೆ. ಹೊರಗೆ ಮಾಸಿದ ಧೋತರ. ಒಳಗೆ ಇಳಕಲ್ ಸೀರೆಯ ಸೆರಗು, ಮಗುವಿನ ಲಂಗದ ತುಂಡು, ದರ್ಜಿಯ ಅಂಗಡಿಯಿಂದ ಕೇಳಿ ತಂದ ಕಟ್‌ಪೀಸು, ಎಂದೋ ಉಡಿ ತುಂಬಿದಾಗ ಬಂದ ಗುಳೇದಗುಡ್ಡದ ಕುಪ್ಪಸದ ಕಣ. ನೋಡಿದವರು ಚಿಂದಿ ಎನ್ನಬಹುದು. ಕೌದಿ ಹೊಲಿಯುವವರ ಪಾಲಿಗೆ ಅದೇ ಉಗ್ರಾಣ.

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದರೆ ಕೌದಿ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇದು ಹಾಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದ ಗೊಂದಲಿಗ ಹೆಣ್ಣುಮಕ್ಕಳು ಸೂಜಿ ಹಿಡಿದು ಬರುತ್ತಿದ್ದರು; ಬಟ್ಟೆ ಮಾತ್ರ ಮನೆಯವರೇ ಕೊಡಬೇಕು. ಹೀಗಾಗಿ ಸಂಗ್ರಹದ ಹೊಣೆ ಮನೆಯ ಹೆಂಗಸರ ಮೇಲೆಯೇ ಬಿತ್ತು.

ಈಗ ಕೌದಿಗೆ ಮತ್ತೆ ಬೇಡಿಕೆ ಬಂದಿದೆ. ಹವ್ಯಾಸಕ್ಕೆ ಸೂಜಿ ಹಿಡಿದ ನಗರದ ಮಂದಿ ಮೊದಲು ಸೋಲುವುದು ಹೊಲಿಗೆಯಲ್ಲಲ್ಲ, ಬಟ್ಟೆ ರಾಶಿಯ ಎದುರು. ಬೇಕಾದ ತುಂಡು ಬೇಕಾದಾಗ ಕೈಗೆ ಸಿಗುವುದಿಲ್ಲ. ಸಿಕ್ಕಾಗ ಅದರಲ್ಲೊಂದು ತೂತು. ಅಂಗಡಿಗಳು ಇದಕ್ಕೆಂದೇ ಬಗೆಬಗೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರುತ್ತವೆ. ಡಬ್ಬಿ ಕೊಳ್ಳುವ ಮೊದಲು ವಿಂಗಡಣೆ ಆಗಬೇಕು. ಆ ವಿಂಗಡಣೆಯ ಸೂತ್ರ ಕೌದಿಯ ಕಟ್ಟಡದಲ್ಲೇ ಇದೆ: ಬುಡ, ಒಡಲು, ಮುಖ.

ಬುಡಕ್ಕೆ ಬೇಕಾದದ್ದು ಉದ್ದದ ಬಟ್ಟೆ. ಆರು ಗಜದ ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚು ಅಗಲ. ಅದನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಹೆಚ್ಚುಕಡಿಮೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೂರು ಪದರ ಸಿಗುತ್ತದೆ. ಒಬ್ಬರು ಹೊದೆಯುವ ಕೌದಿಗೆ ಸರಿಯಾದ ಅಳತೆ. ಒಂಬತ್ತು ಗಜದ್ದಾದರೆ ನಾಲ್ಕು ಮಡಿಕೆ. ಇಂಥ ಇಡೀ ಸೀರೆಯನ್ನು ಅವಸರಕ್ಕೆ ಕತ್ತರಿಸಿ ತುಂಡು ಮಾಡಿದರೆ ಆಮೇಲೆ ಬುಡಕ್ಕೆ ಅಂಗಡಿಗೆ ಹೋಗಿ ಹೊಸ ಬಟ್ಟೆ ತರಬೇಕಾಗುತ್ತದೆ.

ಒಡಲಿಗೆ ಸವೆದದ್ದೇ ಲೇಸು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು, ಎರಡೂ ಹೆಬ್ಬೆರಳಿನಿಂದ ಎಳೆದು ನೋಡಬೇಕು. ನೂಲು ಬಿಟ್ಟುಕೊಂಡರೆ ಅದು ಒಳಪದರಕ್ಕೆ. ಗಟ್ಟಿ ಉಳಿದು ಬಣ್ಣವೂ ಇದ್ದದ್ದು ಮುಖಕ್ಕೆ. ಮುಖದ ತುಂಡುಗಳನ್ನು ಬಣ್ಣವಾರು ಜೋಡಿಸಬಹುದು. ಬುಡ, ಒಡಲುಗಳಲ್ಲಿ ಬಣ್ಣ ನೋಡುತ್ತ ಕೂರುವುದು ಸುಮ್ಮನೆ ಕಾಲಹರಣ.

ಮುಖದ ತುಂಡುಗಳನ್ನು ಮೊದಲೇ ಚೌಕ ಚೌಕವಾಗಿ ಕತ್ತರಿಸಿಡುವ ಚಾಳಿ ಅಮೆರಿಕದ ಹೊಲಿಗೆ ಪುಸ್ತಕಗಳಿಂದ ಬಂದದ್ದು. ಅಲ್ಲಿಯ ಅಂಗಡಿಗಳಲ್ಲಿ 18 ಇಂಚಿಗೆ 22 ಇಂಚಿನ ತುಂಡುಗಳು ಸಿದ್ಧವಾಗಿ ಸಿಗುತ್ತವೆ. ಅಳೆದು ಬರೆದ ನಕ್ಷೆಗೆ ಅವು ಸರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಯ ದಾರಿ ಬೇರೆ. ಅವರು ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಎದುರಿಗೆ ನಕ್ಷೆ ಇಲ್ಲ; ಕೈಗೆ ಬಂದ ತುಂಡು ಜಾಗಕ್ಕೆ ತಕ್ಕಂತೆ ಮಡಿಸಿಕೊಂಡು ಕೂರುತ್ತದೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ‘ಫೂಲ’ ಇಡದೆ ಕವಂದಿ ಮುಗಿಯಿತು ಎನ್ನುವುದಿಲ್ಲ. ಮುಸ್ಲಿಂ ಸಿದ್ದಿಯರ ಕವಂದಿಯಲ್ಲಿ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣುವುದುಂಟು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನಕ್ಷೆಯಿಲ್ಲದ ಈ ಬಗೆಯ ಹೊಲಿಗೆಗೆ ಬಟ್ಟೆ ಎಷ್ಟು ಇಡಿಯಾಗಿ ಉಳಿದಿರುತ್ತದೋ ಅಷ್ಟು ಒಳ್ಳೆಯದು. ಕತ್ತರಿಗೆ ಕೆಲಸ ಹೊಲಿಯುವ ಹೊತ್ತಿಗೆ.

ಇನ್ನು ನೂಲಿನ ಜಾತಿ. ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಒಂದೇ ಗಂಟಿನಲ್ಲಿ ಬೆರೆತಿದ್ದರೆ ಪತ್ತೆಗೆ ಸುಲಭದ ಉಪಾಯವಿದೆ. ಅಂಚಿನಿಂದ ಒಂದೆಳೆ ಕಿತ್ತು, ಚಿಮುಟದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆಯಾದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಈಚಿನ ಸೀರೆಗಳಲ್ಲಿ ಪಾಲಿಯೆಸ್ಟರೇ ಜಾಸ್ತಿ. ಬಣ್ಣ ಬಿಡದ ಅದು ಮುಖಕ್ಕೆ ಚೆಂದ ನಿಜ, ಆದರೆ ಬೆವರು ಹೀರುವುದಿಲ್ಲ. ಬೇಸಿಗೆಯಲ್ಲಿ ಮೈಗೆ ತಾಗುವ ಬುಡಕ್ಕೆ ಹಾಕಿದರೆ ಹೊದ್ದವರು ಬೈದುಕೊಳ್ಳುತ್ತಾರೆ.

ಗಂಟಿಗೆ ಹೋಗುವ ಪ್ರತಿ ತುಂಡೂ ಒಗೆದದ್ದಾಗಿರಬೇಕು. ಹೊಸ ಹತ್ತಿ ಬಟ್ಟೆ ನೀರು ಕಂಡೊಡನೆ ಕುಗ್ಗುತ್ತದೆ. ಒಗೆಯದೆ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಅಲ್ಲಲ್ಲಿ ಮುದುಡುತ್ತದೆ. ಹಲವು ಸಲ ಒಗೆದ ಹಳೆಯ ಸೀರೆಗೆ ಆ ರಗಳೆ ಇಲ್ಲ. ಕೆಂಪು ಬಟ್ಟೆಯ ಬಗ್ಗೆ ಒಂದು ಎಚ್ಚರಿಕೆ: ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಅದನ್ನು ಬೇರೆಯೇ ಇಡಿ. ಬಿಳಿ ಧೋತರದ ಪಕ್ಕ ಬಣ್ಣ ಬಿಡುವ ಕೆಂಪು ಸೆರಗು ಹೊಲಿದು ಹಳ್ಳಕ್ಕೆ ಒಯ್ದರೆ ಇಡೀ ಕೌದಿ ಗುಲಾಬಿ.

ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಮಡಿಸಿಡುವುದು ಬೆಳ್ಳಿಮೀನು ಎಂಬ ಹುಳವನ್ನು ಊಟಕ್ಕೆ ಕರೆದಂತೆ. ಅದಕ್ಕೆ ಪಿಷ್ಟವೂ ಬೇಕು, ಹತ್ತಿಯೂ ಆದೀತು. ಬಟ್ಟೆ ನುಸಿಯ ಮರಿಗಳದು ಬೇರೆ ರುಚಿ; ಅವು ಉಣ್ಣೆ, ರೇಷ್ಮೆಗೆ ಬೀಳುತ್ತವೆ, ಶುದ್ಧ ಹತ್ತಿಯ ಗೊಡವೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಾಗಾಗಿ ರೇಷ್ಮೆ ತುಂಡುಗಳಿಗೆ ಬೇರೆ ಕಟ್ಟು. ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಡುವ ರೂಢಿ ಹಳೆಯದು. ಹಸಿ ಎಲೆಯನ್ನು ನೇರವಾಗಿ ಇಟ್ಟರೆ ಕಲೆ ಬೀಳುತ್ತದೆ. ನಾಫ್ತಲೀನ್ ಗುಳಿಗೆಯ ಆವಿ ಮಕ್ಕಳಿಗೆ ಒಳ್ಳೆಯದಲ್ಲ. ಕೂಸಿನ ಕೌದಿಗೆಂದು ಎತ್ತಿಟ್ಟ ಬಟ್ಟೆಯ ಹತ್ತಿರ ಅದು ಸುಳಿಯಬಾರದು.

ಮಲೆನಾಡು, ಕರಾವಳಿಯಲ್ಲಿ ಹುಳಕ್ಕಿಂತ ದೊಡ್ಡ ಶತ್ರು ಬೂಷ್ಟು. ಅರೆಬರೆ ಒಣಗಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಒಳಗಿನ ತೇವ ಅಲ್ಲೇ ಉಳಿದು ಕಪ್ಪು ಚುಕ್ಕೆ ಏಳುತ್ತದೆ, ಆ ಚುಕ್ಕೆ ಹೋಗುವುದು ಕಷ್ಟ. ಹಳೆಯ ಧೋತರದ ಗಂಟು ಇಲ್ಲಿ ಡಬ್ಬಿಗಿಂತ ಮೇಲು: ಗಾಳಿಯಾಡುತ್ತದೆ, ಧೂಳು ತಡೆಯುತ್ತದೆ, ಖರ್ಚಿಲ್ಲ. ತಗಡಿನ ಟ್ರಂಕಾದರೆ ನೆಲದಿಂದ ಎತ್ತರಿಸಿಟ್ಟು, ಒಳಗೆ ಹತ್ತಿ ಬಟ್ಟೆ ಹಾಸಬೇಕು. ತುಕ್ಕಿನ ಕಲೆಯೂ ಸುಲಭಕ್ಕೆ ಬಿಡುವಂಥದ್ದಲ್ಲ. ಮಹಾನವಮಿಯ ಮುಂಚೆ ಹಾಸಿಗೆ ಹೊದಿಕೆಯನ್ನೆಲ್ಲ ಒಗೆದು ಹಾಕುವ ಪದ್ಧತಿ ನಮ್ಮಲ್ಲಿದೆಯಷ್ಟೆ, ಬಟ್ಟೆಗಂಟನ್ನೂ ಅದೇ ಹೊತ್ತಿಗೆ ಬಿಚ್ಚುವುದು ಜಾಣತನ, ಏಕೆಂದರೆ ಮಳೆಗಾಲದ ತೇವವನ್ನು ಆಗ ಹೊರಹಾಕಬಹುದು. ಹರವುವುದು ನೆರಳಿನಲ್ಲಿ. ಬಿಸಿಲು ಬಣ್ಣ ತಿನ್ನುತ್ತದೆ. ಮತ್ತೆ ಮಡಿಸುವಾಗ ಹಳೆಯ ಗೆರೆ ತಪ್ಪಿಸಬೇಕು. ರೇಷ್ಮೆ, ಜರಿ ಸೀಳುವುದೇ ಆ ಗೆರೆಯಲ್ಲಿ.

ಅಪಾರ್ಟ್‌ಮೆಂಟಿನಲ್ಲಿ ಅಟ್ಟವೂ ಇಲ್ಲ, ಗಂಟಿಗೆ ಜಾಗವೂ ಇಲ್ಲ ಎನ್ನುವವರು ಮುಖದ ತುಂಡುಗಳನ್ನು ಒಂದೇ ಅಳತೆಯ ರಟ್ಟಿಗೆ ಸುತ್ತಿ ಮಡಿಸಿ, ರಟ್ಟು ತೆಗೆದು, ಬೀರುವಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಬಹುದು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಮರೆತೇ ಹೋಗುತ್ತದೆ. ಮನೆಯಿಂದ ಮನೆಗೆ ಉಡಿಯಲ್ಲೇ ತಿರುಗುತ್ತ, ಯಾರ ಮೈಗೂ ಕುಪ್ಪಸವಾಗದ ಕಣಗಳಿಗೂ ಅಲ್ಲೊಂದು ಸಾಲು ಇರಲಿ. ಕೌದಿಯ ಮುಖಕ್ಕೆ ಅಂಥ ಗಟ್ಟಿ ಬಟ್ಟೆ ಬೇರೆ ಸಿಗದು.

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಾಗಿಲಿಗೆ ಬಂದಾಗ, ಒಂದು ಬಟ್ಟಲಿನ ಆಸೆಗೆ ಹತ್ತಿಯ ಒಂಬತ್ತು ಗಜದ ಸೀರೆ ಕೊಟ್ಟುಬಿಡಬೇಡಿ. ಒಗೆದು, ಒಣಗಿಸಿ, ಯಾರ ಸೀರೆ, ಯಾವ ನೂಲು, ಬಣ್ಣ ಬಿಡುತ್ತದೆಯೇ ಎಂದು ಚೀಟಿ ಬರೆದು ಗಂಟಿಗೆ ಸೇರಿಸಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಹರಡಿ ಬಟ್ಟೆಗೆ ಹತ್ತುತ್ತದೆ.